ಸಾಹುಕಾರನ ಕೈಗೆ ಲೆಕ್ಕದ ಪುಸ್ತಕ ಕೊಡು

ತಮ್ಮಾ, ನಿನ್ನ ಹನ್ನೆರಡು ವಾರಗಳ ಯೋಜನೆಯನ್ನು ಎರಡು ಸಲ ಓದಿದೆ. ಒಮ್ಮೆ ಕುಮಟೆಯ ಅಂಗಡಿಯಲ್ಲಿ ಗಿರಾಕಿಗಳ ನಡುವೆ, ಇನ್ನೊಮ್ಮೆ ರಾತ್ರಿ ಊಟ ಮುಗಿಸಿ ಪೆನ್ನು ಹಿಡಿದು. "ಮುಲಾಜಿಲ್ಲದೆ ಹೇಳಿ" ಎಂದು ನೀನೇ ಬರೆದಿದ್ದೀಯ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೂಲ ಬರಹ ಓದಲು ಪುರುಸೊತ್ತಿಲ್ಲದವರಿಗೆ ಸಾರ ಇಷ್ಟು. ಈ ಹುಡುಗ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಊರೂರು ತಿರುಗುವ ಒಂದು ಕಾಲ್ಪನಿಕ ರೆಸ್ಲಿಂಗ್ ಮೇಳ ಕಟ್ಟಿದ್ದಾನೆ. ಭಾನುವಾರಕ್ಕೊಂದು ಪ್ರದರ್ಶನ. ಮಾರ್ಚ್ 29ಕ್ಕೆ ಭಟ್ಕಳದಲ್ಲಿ ಆರಂಭ, ಆಮೇಲೆ ಹೊನ್ನಾವರ, ಕುಮಟಾ, ಶಿರಸಿ, ಅಂಕೋಲಾ, ಯಲ್ಲಾಪುರ, ಹಳಿಯಾಳ ಹೀಗೆ ಸಾಗಿ ಜೂನ್ 14ಕ್ಕೆ ಕಾರವಾರದ ಟಾಗೋರ್ ಕಡಲತೀರದಲ್ಲಿ ಮುಕ್ತಾಯ. ನಾಯಕ ಕಾರವಾರದ ಬೈತಖೋಲ ಬಂದರಿನ ತಾಂಡೇಲ, ಅಂದರೆ ಮೀನುಗಾರಿಕೆ ಬೋಟು ನಡೆಸುವವನು. ಖಳ ಬೋಟುಗಳ ಮಾಲೀಕ ಸಾಹುಕಾರ. ತಾಂಡೇಲನ ಜೋಡಿ ಶಿರಸಿಯ ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವನು. ಜೊತೆಗೆ ಹಳಿಯಾಳದ ಪೈಲ್ವಾನ, ಯಾರೆಂದು ತಿಳಿಯದ ಒಬ್ಬ ಮುಖವಾಡದವನು. ಚಾಂಪಿಯನ್ ಬೆಲ್ಟ್ ಐದು ಸಲ ಕೈ ಬದಲಾಯಿಸುತ್ತದೆ.

ಮೊದಲು ಮೆಚ್ಚಿದ್ದನ್ನು ಹೇಳಿಬಿಡುತ್ತೇನೆ. ಕೊನೆಗೌಡನ ಪಾತ್ರ ಬಹಳ ಚೆನ್ನಾಗಿದೆ. ಒಂದು ಅಡಿಕೆ ಮರದ ತುದಿಯಿಂದ ಇನ್ನೊಂದು ಮರಕ್ಕೆ ದಾಟುವವನು ರಿಂಗಿನ ಮೂಲೆಯ ಕಂಬದಿಂದ ಹಾರಿದರೆ ಯಾರಿಗೂ ವಿವರಣೆ ಬೇಕಾಗಿಲ್ಲ. ಅವನು ಏಕೆ ಹಾರುತ್ತಾನೆ ಎಂಬುದು ಅವನ ಕಸುಬಿನಲ್ಲೇ ಇದೆ. ಕೊನೆ ಕೊಯ್ಯುವ ಉದ್ದ ಕೋಲು, ದೋಟಿ, ಹಿಡಿದು ಪ್ರವೇಶಿಸುವುದೂ ಸರಿ. ದೋಟಿಯಿಂದ ಯಾರಿಗೂ ಹೊಡೆಸಬೇಡ, ಅಷ್ಟೇ.

ಈಗ ತಕರಾರಿಗೆ ಬರೋಣ. ಮೂರನೇ ವಾರ ನಮ್ಮ ಕುಮಟೆಯಲ್ಲಿ ತಾಂಡೇಲ ಸಾಹುಕಾರನನ್ನು ಯಾರ ನೆರವೂ ಇಲ್ಲದೆ ಚಿತ್ ಮಾಡಿ ಬೆಲ್ಟ್ ಗೆಲ್ಲುತ್ತಾನೆ. ಅಲ್ಲಿಗೆ ನಿನ್ನ ಕಥೆ ಮುಗಿಯಿತು. ಯಕ್ಷಗಾನದಲ್ಲಿ ರಾತ್ರಿ ಹನ್ನೊಂದಕ್ಕೇ ಕೀಚಕನನ್ನು ಕೊಂದರೆ ಬೆಳಗಿನವರೆಗೆ ಭಾಗವತರು ಏನು ಹಾಡಬೇಕು? ಆಮೇಲಿನ ಒಂಬತ್ತು ವಾರ ನೀನು ಬೆಲ್ಟನ್ನು ಅತ್ತಿತ್ತ ಎಸೆದಿರುವುದು ಈ ಖಾಲಿತನವನ್ನು ತುಂಬಲಿಕ್ಕೆ.

ನಮ್ಮ ಜಿಲ್ಲೆಯವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ನೋಡಲು ಕುಳಿತವರಲ್ಲಿ ಕೀಚಕ ಸಾಯುತ್ತಾನೆಂದು ತಿಳಿಯದವರು ಒಬ್ಬರೂ ಇರಲಿಲ್ಲ. ಫಲಿತಾಂಶ ಮೊದಲೇ ಗೊತ್ತಿರುವ ಆಟವನ್ನು ರಾತ್ರಿಯಿಡೀ ನಿದ್ದೆಗೆಟ್ಟು ನೋಡುವ ಜನ ನಾವು. "ಇದೆಲ್ಲ ಮೊದಲೇ ನಿಗದಿಯಾದದ್ದಲ್ಲವೇ" ಎಂದು ರೆಸ್ಲಿಂಗ್ ನೋಡುವವರನ್ನು ಗೇಲಿ ಮಾಡುವವರಿಗೆ ನಾನು ಕೊಡುವ ಉತ್ತರವೂ ಇದೇ. ಆದರೆ ಆ ಕೀಚಕನಿಗೆ ಒಂದು ಆಸೆ ಇತ್ತು, ಆ ಆಸೆಗೆ ಒಂದು ನಡಿಗೆ ಇತ್ತು. ನಿನ್ನ ಸಾಹುಕಾರನಿಗೆ ಏನಿದೆ? ಕಪ್ಪು ಕನ್ನಡಕ, ಚಿನ್ನದ ಸರ, "ನಾನು ದುಡ್ಡಿನವನು" ಎಂಬ ಒಂದೇ ಮಾತು.

ಅವನ ಕೈಗೆ ಒಂದು ಲೆಕ್ಕದ ಪುಸ್ತಕ ಕೊಡು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಇದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಆ ಎರಡು ತಿಂಗಳು ತಾಂಡೇಲನ ಮನೆ ನಡೆದದ್ದು ಸಾಹುಕಾರ ಕೊಟ್ಟ ಮುಂಗಡದಿಂದ ಎನ್ನು. ಆಗಸ್ಟ್‌ನಲ್ಲಿ ತಾಂಡೇಲ ಬೇರೆಯವರ ಬೋಟು ಹತ್ತಿದ. ಏಕೆ? ಹಿಂದಿನ ವರ್ಷ ಸಿಕ್ಕ ಒಂದು ದೊಡ್ಡ ಬಂಗಡೆ ರಾಶಿಯ ಪಾಲನ್ನು ಸಾಹುಕಾರ ಕೊಡಲಿಲ್ಲ ಎಂಬುದು ತಾಂಡೇಲನ ವಾದ. ಮುಂಗಡ ತೀರಲಿಲ್ಲ ಎಂಬುದು ಸಾಹುಕಾರನ ವಾದ. ಇಬ್ಬರದೂ ಅರ್ಧರ್ಧ ಸತ್ಯ. ಪ್ರತಿ ಊರಿನಲ್ಲೂ ಸಾಹುಕಾರ ಮೈಕ್ ಹಿಡಿದು ಆ ಪುಸ್ತಕದ ಒಂದು ಪುಟವನ್ನು ಮಾತ್ರ ಓದಲಿ. ತಾಳಮದ್ದಳೆಯಲ್ಲಿ ಕೌರವನ ಅರ್ಥ ಹೇಳುವವರು ಗಟ್ಟಿಗರಾದರೆ ಪಾಂಡವರ ಪಕ್ಷದವರೂ ಒಂದು ಗಳಿಗೆ ತಲೆದೂಗುತ್ತಾರಲ್ಲ, ರೆಸ್ಲಿಂಗ್‌ನಲ್ಲಿ ಮೈಕ್ ಹಿಡಿದು ಆಡುವ ಮಾತು, ಪ್ರೋಮೋ, ಎಂದರೆ ಅದೇ. ಬಂದರಿನ ಜನ ಅವನನ್ನು ಬೈಯುತ್ತಲೇ "ಲೆಕ್ಕವಂತೂ ಸರಿಯಾಗಿಯೇ ಹೇಳುತ್ತಿದ್ದಾನೆ" ಎಂದುಕೊಳ್ಳಬೇಕು. ಹಾಗಾದರೆ ಹತ್ತು ವಾರವಾದರೂ ಅವನು ಸವೆಯುವುದಿಲ್ಲ.

ಎರಡನೆಯದು ಕೊನೆಗೌಡ ತಿರುಗಿ ಬೀಳುವುದು. ಶಿರಸಿಯಲ್ಲಿ ಅವನು ಇದ್ದಕ್ಕಿದ್ದಂತೆ ತಾಂಡೇಲನ ಬೆನ್ನಿಗೆ ಕುರ್ಚಿಯಿಂದ ಹೊಡೆಯುತ್ತಾನೆ. ಕಾರಣ ಕೇಳಿದವರಿಗೆ "ಯಾರೂ ನಿರೀಕ್ಷಿಸಿರಬಾರದು" ಎಂದು ಉತ್ತರಿಸಿದ್ದೀಯ. ನಿರೀಕ್ಷೆ ಇಲ್ಲದ್ದು ನಡೆದರೆ ಬೆಚ್ಚಿಬೀಳುತ್ತೇವೆ, ನಿಜ. ಆದರೆ ಮುಂದಿನ ಭಾನುವಾರ ಟಿಕೆಟ್ ತೆಗೆದುಕೊಳ್ಳಲು ಅಷ್ಟು ಸಾಲದು.

ಅಮೆರಿಕದ ರೆಸ್ಲಿಂಗ್ ಕಂಪನಿ WWFನಲ್ಲಿ (ಇಂದಿನ WWE) 1994ರಲ್ಲಿ ನಡೆದ ಹಾರ್ಟ್ ಸಹೋದರರ ಕಥೆಯನ್ನು ನೋಡು. ಜನವರಿ 22ರ ರಾಯಲ್ ರಂಬಲ್ ಪ್ರದರ್ಶನದಲ್ಲಿ ಅಣ್ಣ ಬ್ರೆಟ್ ಮತ್ತು ತಮ್ಮ ಓವನ್ ಜೋಡಿಯಾಗಿ ಟ್ಯಾಗ್ ಟೀಮ್ ಬೆಲ್ಟ್‌ಗೆ ಆಡಿದರು. ಬ್ರೆಟ್‌ನ ಮೊಣಕಾಲಿಗೆ ಪೆಟ್ಟಾಗಿತ್ತು. ಆದರೂ ಅವನು ತಮ್ಮನಿಗೆ ಕೈ ಮುಟ್ಟಿಸಿ ರಿಂಗನ್ನು ಬಿಟ್ಟುಕೊಡಲಿಲ್ಲ. ರೆಫರಿ ಪಂದ್ಯ ನಿಲ್ಲಿಸಿದ, ಬೆಲ್ಟ್ ತಪ್ಪಿತು, ಓವನ್ ಅಣ್ಣನ ಅದೇ ಕಾಲಿಗೆ ಒದ್ದ. ಒದ್ದದ್ದು ತಪ್ಪು, ಸಿಟ್ಟು ನ್ಯಾಯವಾದದ್ದು. ಮನೆಯಲ್ಲಿ ತಮ್ಮನಾಗಿ ಹುಟ್ಟಿದ ಯಾರಿಗಾದರೂ ಅದು ಅರ್ಥವಾಗುತ್ತದೆ. ಮಾರ್ಚ್ 20ರ ರೆಸಲ್‌ಮೇನಿಯಾದ ಮೊದಲ ಪಂದ್ಯದಲ್ಲಿ ಓವನ್ ಅಣ್ಣನನ್ನು ನೇರವಾಗಿ ಸೋಲಿಸಿದ. ಅದೇ ರಾತ್ರಿ ಕೊನೆಯ ಪಂದ್ಯದಲ್ಲಿ ಬ್ರೆಟ್ ಯೋಕೊಝುನಾನನ್ನು ಮಣಿಸಿ ಚಾಂಪಿಯನ್ ಆದ. ಎಲ್ಲರೂ ಬ್ರೆಟ್‌ನನ್ನು ಹೆಗಲ ಮೇಲೆ ಹೊತ್ತು ಕುಣಿಯುವಾಗ ಓವನ್ ಬಂದು ಸುಮ್ಮನೆ ನಿಂತು ನೋಡಿದ. "ನೀನು ಚಾಂಪಿಯನ್, ಆದರೆ ನನ್ನ ಎದುರು ಸೋತವನು." ಒಂದು ಮಾತನ್ನೂ ಆಡದೆ ಮುಂದಿನ ಹಲವು ತಿಂಗಳ ಕಥೆಯನ್ನು ಹೇಳಿದ ನೋಟ ಅದು. ನಾನು ಅದನ್ನು ನೋಡಿದ್ದು ಎಷ್ಟೋ ವರ್ಷಗಳ ನಂತರ. ಇಂದಿಗೂ ಬುಕಿಂಗ್ (ಯಾರು ಯಾವಾಗ ಗೆಲ್ಲಬೇಕೆಂದು ಕಥೆ ಹೆಣೆಯುವ ಕೆಲಸ) ಎಂದರೆ ನನಗೆ ಮೊದಲು ನೆನಪಾಗುವುದು ಆ ನಿಂತ ಭಂಗಿ.

ನಿನ್ನ ಕೊನೆಗೌಡನಿಗೂ ಇಂಥದ್ದೊಂದು ಗಾಯ ಬೇಕು. ಇನ್ನೊಂದು ಕಷ್ಟವನ್ನು ನೀನು ಗಮನಿಸಿಲ್ಲ: ಶಿರಸಿಯ ಹುಡುಗ ಶಿರಸಿಯಲ್ಲಿ ಕಾರವಾರದವನಿಗೆ ಹೊಡೆದರೆ ಅಲ್ಲಿಯ ಜನ ಬೈಯುವುದಿಲ್ಲ, ಸೀಟಿ ಹೊಡೆಯುತ್ತಾರೆ. ಹಾಗಾಗಿ ಶಿರಸಿಯಲ್ಲಿ ಕುರ್ಚಿಯೇ ಬೇಡ. ಅಲ್ಲಿ ತಪ್ಪು ತಾಂಡೇಲನಿಂದ ನಡೆಯಲಿ. ಜೋಡಿ ಪಂದ್ಯ. ಕೊನೆಗೌಡ ಪೆಟ್ಟು ತಿಂದು ತೆವಳಿಕೊಂಡು ಬಂದು ಕೈ ಚಾಚುತ್ತಾನೆ. ತಾಂಡೇಲನ ಕಣ್ಣು ರಿಂಗಿನ ಹೊರಗೆ ಪುಸ್ತಕ ಹಿಡಿದು ಕುಳಿತ ಸಾಹುಕಾರನ ಮೇಲೆ. ಚಾಚಿದ ಕೈ ಅವನಿಗೆ ಕಾಣುವುದೇ ಇಲ್ಲ. ತನ್ನೂರಿನವರ ಎದುರು ಕೊನೆಗೌಡ ಚಿತ್ ಆಗುತ್ತಾನೆ. ಮುಂದಿನ ವಾರ ಘಟ್ಟ ಇಳಿದು ಅಂಕೋಲೆಗೆ ಬಂದಾಗ ತಾಂಡೇಲ ಕೈ ಚಾಚುತ್ತಾನೆ. ಕೊನೆಗೌಡ ಆ ಕೈಯನ್ನು ಚೆನ್ನಾಗಿ ನೋಡಿ, ಹಗ್ಗ ಬಿಟ್ಟು ಕೆಳಗಿಳಿದು ನಡೆದು ಹೋಗುತ್ತಾನೆ. ಒಂದೇಟೂ ಬೀಳದೆ ಕರಾವಳಿಯ ಜನ ಎದ್ದು ನಿಂತು ಬೈಯುತ್ತಾರೆ. ಆರನೇ ವಾರ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರಕ್ಕೆ ಹೋದರೆ ಅದೇ ಮನುಷ್ಯನಿಗೆ ಹಾರ ತುರಾಯಿ. 1997ರಲ್ಲಿ ಇದೇ ಬ್ರೆಟ್ ಹಾರ್ಟ್ ಅಮೆರಿಕದಲ್ಲಿ ಖಳನಾಗಿ, ಕೆನಡಾದಲ್ಲಿ ವೀರನಾಗಿ ಏಕಕಾಲಕ್ಕೆ ಓಡಾಡಿದ. ನಿನಗೆ ದೇಶ ದಾಟುವ ಅಗತ್ಯವಿಲ್ಲ, ಘಟ್ಟವೊಂದೇ ಸಾಕು. ಇಂಥ ಅನುಕೂಲ ಇರುವ ಜಿಲ್ಲೆಯಲ್ಲಿ ಹುಟ್ಟಿ ಅದನ್ನು ಬಳಸದಿದ್ದರೆ ಹೇಗೆ?

ಬೆಲ್ಟ್ ವಿಚಾರ. ನಮ್ಮ ಕಾಲದಲ್ಲಿ ರೆಸ್ಲರ್‌ಗಳ ವಿವರವಿರುವ ಟ್ರಂಪ್ ಕಾರ್ಡ್ ಎಂದು ಬರುತ್ತಿತ್ತು. ಎತ್ತರ, ತೂಕ, ಎದೆಯ ಸುತ್ತಳತೆ, ಆಡಿದ ಪಂದ್ಯ, ಗೆದ್ದ ಪಂದ್ಯ. ನಾನು ಶಾಲೆಯಲ್ಲಿ ಒಂದು ಒಳ್ಳೆಯ ಕಾರ್ಡಿಗಾಗಿ ಜಾಮಿಟ್ರಿ ಪೆಟ್ಟಿಗೆಯನ್ನೇ ಕೊಟ್ಟು ಮನೆಯಲ್ಲಿ ಪೆಟ್ಟು ತಿಂದವನು. ನಿನ್ನ ನಾಲ್ಕರಿಂದ ಒಂಬತ್ತನೇ ವಾರದವರೆಗಿನ ಪಟ್ಟಿ ನನಗೆ ಆ ಕಾರ್ಡಿನಂತೆ ಕಂಡಿತು. ಗೆಲುವಿನ ಎಣಿಕೆ ಇದೆ, ಗೆದ್ದವನಿಗೂ ಸೋತವನಿಗೂ ಏನಾಯಿತು ಎಂಬುದಿಲ್ಲ. ಬೆಲ್ಟ್ ಒಂದೇ ಸಲ, ಕೊನೆಯ ರಾತ್ರಿ ಕೈ ಬದಲಾಯಿಸಲಿ. 2023ರ ಏಪ್ರಿಲ್‌ನಲ್ಲಿ ಚಾಂಪಿಯನ್ ರೋಮನ್ ರೇನ್ಸ್ ಎದುರು ಕೋಡಿ ರೋಡ್ಸ್ ಸೋತಾಗ ನಾನೂ ಕಂಪನಿಯನ್ನು ಶಪಿಸಿದವನೇ. 2024ರ ಏಪ್ರಿಲ್ 7ರಂದು ಫಿಲಡೆಲ್ಫಿಯಾದಲ್ಲಿ ಅವನು 1,316 ದಿನಗಳ ಆ ಆಳ್ವಿಕೆಯನ್ನು ಮುರಿದಾಗ ಶಾಪ ವಾಪಸ್ ಪಡೆದೆ. ಆದರೆ ಕಾಯಿಸುವುದಕ್ಕೂ ಸತಾಯಿಸುವುದಕ್ಕೂ ವ್ಯತ್ಯಾಸವಿದೆ. ಕಾಯುವಾಗ ಪ್ರತಿ ವಾರ ಒಂದು ಮೆಟ್ಟಿಲು ಹತ್ತಿದಂತಿರಬೇಕು. ಅದಕ್ಕೆ ಪುಸ್ತಕದ ಪುಟಗಳಿವೆ.

ಹನ್ನೆರಡು ಮುಖ್ಯ ಪಂದ್ಯಗಳಲ್ಲಿ ಎಂಟರಲ್ಲಿ ಹೊರಗಿನವರು ನುಗ್ಗಿ ಫಲಿತಾಂಶ ಕೆಡಿಸುತ್ತಾರೆ. ಎಣಿಸಿಯೇ ಹೇಳುತ್ತಿದ್ದೇನೆ. ಇಷ್ಟಾದರೆ ಜನ ಪಂದ್ಯ ನೋಡುವುದನ್ನು ಬಿಟ್ಟು ಬಾಗಿಲು ನೋಡುತ್ತಾ ಕೂರುತ್ತಾರೆ. WCW ಎಂಬ ಇನ್ನೊಂದು ರೆಸ್ಲಿಂಗ್ ಕಂಪನಿಯ ಸ್ಟಿಂಗ್ ಕಥೆ ನಿನಗೆ ಗೊತ್ತಿರಬೇಕು. 1996ರ ಜುಲೈನಲ್ಲಿ, ಅಲ್ಲಿಯವರೆಗೆ ನಾಯಕನಾಗಿದ್ದ ಹಲ್ಕ್ ಹೋಗನ್ ಖಳನಾದ. ಸ್ಟಿಂಗ್ ಒಂದು ವರ್ಷಕ್ಕೂ ಹೆಚ್ಚು ಕಾಲ ಟಿವಿಯಲ್ಲಿ ಪಂದ್ಯವನ್ನೇ ಆಡದೆ, ಮಾತೂ ಆಡದೆ, ಸಭಾಂಗಣದ ಚಾವಣಿಯಿಂದ ನೋಡುತ್ತ ನಿಂತ. 1997ರ ಡಿಸೆಂಬರ್ 28ರ ಸ್ಟಾರ್‌ಕೇಡ್ ಪ್ರದರ್ಶನದಲ್ಲಿ ಇಬ್ಬರೂ ಎದುರಾದರು. ರೆಫರಿ ಹೋಗನ್ ಪರವಾಗಿ ಬೇಗಬೇಗ ಎಣಿಸಿ ಮೋಸ ಮಾಡಬೇಕಿತ್ತು. ಅವನು ಸಾಮಾನ್ಯ ವೇಗದಲ್ಲೇ ಎಣಿಸಿದ. ಹೋಗನ್ ನ್ಯಾಯವಾಗಿಯೇ ಗೆದ್ದಂತೆ ಕಂಡಿತು. ಆಮೇಲೆ ಬ್ರೆಟ್ ಹಾರ್ಟ್ ಬಂದು "ಮೋಸ" ಎಂದರೆ ಯಾರು ನಂಬಬೇಕು? ಅಷ್ಟು ದಿನದ ಅಡುಗೆಗೆ ಕೊನೆಯಲ್ಲಿ ಉಪ್ಪು ಎರಡು ಸಲ ಬಿದ್ದ ಹಾಗಾಯಿತು. ನಿನ್ನ ಕಾರವಾರದ ಪಂದ್ಯ ಸರಳವಾಗಿರಲಿ. ರಿಂಗಿನ ಸುತ್ತ ಪಂಜರ ಬೇಡ. ಕೊನೆಗೌಡ ಬರುತ್ತಾನೆ, ಮುಖವಾಡದವನು ಬರುತ್ತಾನೆ ಎಂದು ಎಲ್ಲರೂ ಕತ್ತು ತಿರುಗಿಸಿ ಕಾಯುತ್ತಿರುವಾಗ ಯಾರೂ ಬರಬಾರದು. ತಾಂಡೇಲ ಒಬ್ಬನೇ ಗೆಲ್ಲಲಿ.

ಹಳಿಯಾಳದ ಪೈಲ್ವಾನನನ್ನು ಹಳಿಯಾಳದಲ್ಲೇ ಎರಡು ನಿಮಿಷದಲ್ಲಿ ಸೋಲಿಸಿದ್ದೀಯಲ್ಲ, ಅದನ್ನು ದಯವಿಟ್ಟು ತೆಗೆ. ಅದು ಮಟ್ಟಿ ಕುಸ್ತಿಯ ಊರು, ಪಟ್ಟು ಬಲ್ಲವರು ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ. 2017ರಲ್ಲಿ ಭಾರತೀಯ ಮೂಲದ ಜಿಂದರ್ ಮಹಲ್‌ಗೆ ಮೇ ತಿಂಗಳಲ್ಲಿ ಬೆಲ್ಟ್ ಕೊಟ್ಟು, ನವೆಂಬರ್ 7ಕ್ಕೆ ಕಿತ್ತುಕೊಂಡು, ಡಿಸೆಂಬರ್ 9ಕ್ಕೆ ದೆಹಲಿಗೆ ಕರೆತಂದು ನಮ್ಮವರ ಎದುರಿಗೇ ಟ್ರಿಪಲ್ ಎಚ್ ಕೈಯಲ್ಲಿ ಸೋಲಿಸಿದರು. ಜಿಂದರ್ ದೊಡ್ಡ ಆಟಗಾರನೆಂದು ನಾನೂ ಹೇಳುವುದಿಲ್ಲ. ಆದರೂ ಅದನ್ನು ನೆನೆದರೆ ಇನ್ನೂ ಮುಜುಗರವಾಗುತ್ತದೆ. ಪೈಲ್ವಾನ ಸೋಲಲೇಬೇಕೆಂದಿದ್ದರೆ ಹೊನ್ನಾವರದಲ್ಲಿ ಸೋಲಲಿ, ಊರಿನಲ್ಲಿ ಲೆಕ್ಕ ತೀರಿಸಿಕೊಳ್ಳಲಿ.

ಮಹಿಳೆಯರ ಪಂದ್ಯಕ್ಕೆ ಇಡೀ ಯೋಜನೆಯಲ್ಲಿ ಒಂದು ಸಾಲು. 2019ರ ರೆಸಲ್‌ಮೇನಿಯಾದ ಕೊನೆಯ ಪಂದ್ಯವನ್ನೇ ಮೂವರು ಹೆಂಗಸರು ಆಡಿದರು. ಮೀನು ಮಾರುಕಟ್ಟೆಯಲ್ಲಿ ಒಂದು ಬೆಳಗ್ಗೆ ನಿಂತು ಬಾ, ಪಾತ್ರ ತಾನಾಗಿ ಸಿಗುತ್ತದೆ.

ಇನ್ನು ದಿನಾಂಕ. ಜೂನ್ ಎರಡನೇ ವಾರ ಕಾರವಾರದ ಕಡಲತೀರದಲ್ಲಿ ಬಯಲು ಪ್ರದರ್ಶನ! ಕಲ್ಪನೆಯೇ ಆದರೂ ಮಳೆಗೆ ಅದು ಗೊತ್ತಾಗಬೇಕಲ್ಲ. ಹದಿನೈದು ದಿನ ಮುಂಚೆ ಆರಂಭಿಸೋಣ ಎಂದರೆ ಮಾರ್ಚ್ ಪರೀಕ್ಷೆಗಳ ತಿಂಗಳು. ಎರಡು ವಾರ ಕತ್ತರಿಸು. ಬೆಲ್ಟ್ ಸುಮ್ಮನೆ ಕೈ ಬದಲಾಯಿಸುವ ಎಂಟು ಮತ್ತು ಒಂಬತ್ತನೇ ವಾರ ಹೋದರೆ ನಷ್ಟವೇನಿಲ್ಲ. ಆಗ ಹತ್ತನೇ ಪ್ರದರ್ಶನ ಸರಿಯಾಗಿ ಮೇ 31ಕ್ಕೆ ಬೀಳುತ್ತದೆ. ಬೋಟುಗಳೆಲ್ಲ ದಡ ಸೇರುವ ದಿನ, ಬೋಟಿನ ಕೆಲಸಗಾರರಾದ ಖಲಾಸಿಗಳು ಲೆಕ್ಕ ಚುಕ್ತಾ ಮಾಡಿಕೊಳ್ಳುವ ದಿನ. ಸಾಹುಕಾರನ ಪುಸ್ತಕದ ಕೊನೆಯ ಪುಟಕ್ಕೆ ಅದಕ್ಕಿಂತ ಒಳ್ಳೆಯ ತಾರೀಕು ಸಿಗದು.

ಮುಖವಾಡ ಮಾತ್ರ ಈ ಸಲ ತೆಗೆಸಬೇಡ, ಆಗಸ್ಟ್‌ಗೆ ಇಟ್ಟುಕೋ. ತಿದ್ದಿದ ಪಟ್ಟಿಯನ್ನು ಇಲ್ಲಿಯೇ ಹಾಕು, ನೋಡುತ್ತೇನೆ. ಹಾಂ, ಶಿರಸಿಯ ಪ್ರದರ್ಶನದಲ್ಲಿ ಕೊನೆಗೌಡನ ತಾಯಿಯನ್ನು ಮೊದಲ ಸಾಲಿನಲ್ಲಿ ಕೂರಿಸು. ಅವನು ಚಿತ್ ಆಗುವುದನ್ನು ಆಕೆ ನೋಡಲಿ.