ಪ್ರತಿಕ್ರಿಯೆ: ಕರೆಂಟ್ ಹೋದಾಗಲೆಲ್ಲ ಅರ್ಧ ಗಂಟೆ ಡಿಸ್ಕ್ ಚೆಕ್
ಕರೆಂಟ್ ಹೋಗಿ ಬಂದಾಗಲೆಲ್ಲ ನಿಮ್ಮ ಲಿನಕ್ಸ್ ಕಂಪ್ಯೂಟರ್ ಅರ್ಧ ಗಂಟೆ ಡಿಸ್ಕ್ ಚೆಕ್ ಮಾಡುತ್ತದೆ, ಫಾರ್ಮ್ಯಾಟ್ ಮಾಡಬೇಕೇ ಎಂದು ಕೇಳಿದ್ದಿರಿ. ನಿಮ್ಮ ರೂಟ್ ಪಾರ್ಟಿಷನ್ (ಸಿಸ್ಟಮ್ ಇರುವ ಡಿಸ್ಕ್ ಭಾಗ) ಇನ್ನೂ ಎಕ್ಸ್ಟ್2 ಎಂಬ ಹಳೆಯ ಫೈಲ್‌ಸಿಸ್ಟಮ್‌ನಲ್ಲೇ ಇರಬೇಕು. ಅದರಲ್ಲಿ ಜರ್ನಲ್ (ಡಿಸ್ಕ್‌ಗೆ ಮಾಡುವ ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಇಲ್ಲ. ಸಕಲೇಶಪುರದ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಇಡೀ ಡಿಸ್ಕ್ ತಪಾಸಣೆ ಆಗುವುದು ಅದಕ್ಕೇ. ಜರ್ನಲ್ ಸೇರಿಸಿ ಎಕ್ಸ್ಟ್3 ಮಾಡಿಕೊಂಡರೆ ಸಾಕು. ನೀವು ಹೆದರಿದಂತೆ ಫಾರ್ಮ್ಯಾಟ್ ಬೇಕಿಲ್ಲ, ಫೈಲುಗಳು ಅಳಿಯುವುದಿಲ್ಲ. ಆದರೂ ತೋಟದ ಲೆಕ್ಕದ ಫೈಲುಗಳನ್ನು ಮೊದಲು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

'ಎಲ್‌ಎಸ್‌ಬಿಎಲ್‌ಕೆ -ಎಫ್' ಕೊಟ್ಟು ಎಕ್ಸ್ಟ್2 ಹೌದೇ, ಪಾರ್ಟಿಷನ್ ಹೆಸರೇನು ನೋಡಿ. ಎಸ್‌ಡಿಎ1 ಎಂದುಕೊಂಡಿದ್ದೇನೆ, ನಿಮ್ಮಲ್ಲಿ ಬೇರೆ ಇರಬಹುದು. ಆಮೇಲೆ ಜರ್ನಲ್ ಸೇರಿಸಲು ರೂಟ್ (ಅಡ್ಮಿನ್ ಬಳಕೆದಾರ) ಆಗಿ 'ಟ್ಯೂನ್2ಎಫ್‌ಎಸ್ -ಜೆ /ಡೆವ್/ಎಸ್‌ಡಿಎ1'. ಸಿಸ್ಟಮ್ ಓಡುತ್ತಿರುವಾಗಲೇ ಮಾಡಬಹುದು. ಆಗ '.ಜರ್ನಲ್' ಎಂಬ ಫೈಲ್ ಕಾಣಿಸಿದರೆ ದಯವಿಟ್ಟು ಮುಟ್ಟಬೇಡಿ, ಅದೇ ಜರ್ನಲ್.

ಮುಂದೆ '/ಇಟಿಸಿ/ಎಫ್‌ಎಸ್‌ಟ್ಯಾಬ್' ಫೈಲಿನಲ್ಲಿ (ಯಾವ ಪಾರ್ಟಿಷನ್ ಹೇಗೆ ಮೌಂಟ್ ಆಗಬೇಕು, ಅಂದರೆ ಬಳಕೆಗೆ ತೆರೆಯಬೇಕು ಎಂಬ ಪಟ್ಟಿ) ರೂಟ್ ಸಾಲಿನ ಎಕ್ಸ್ಟ್2 ತೆಗೆದು ಎಕ್ಸ್ಟ್3 ಬರೆಯಿರಿ.

ಹೆಚ್ಚಿನವರು ಎಡವುವುದು ಇದರ ನಂತರ. ರೂಟ್ ಮೊದಲು ಮೌಂಟ್ ಆಗುವಾಗ ಎಫ್‌ಎಸ್‌ಟ್ಯಾಬ್ ಇನ್ನೂ ಓದಿರುವುದಿಲ್ಲ. ಲಿನಕ್ಸ್‌ನ ತಿರುಳಾದ ಕರ್ನೆಲ್ ಹಳೆಯದಾಗಿದ್ದು, ಎಕ್ಸ್ಟ್3 ಓದುವ ಮಾಡ್ಯೂಲ್ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಮೊದಲು ಲೋಡ್ ಆಗುವ ಪುಟ್ಟ ಫೈಲ್‌ಸಿಸ್ಟಮ್) ಒಳಗಿಲ್ಲದಿದ್ದರೆ ಸದ್ದಿಲ್ಲದೆ ಎಕ್ಸ್ಟ್2 ಆಗಿಯೇ ಏಳುತ್ತದೆ. ನಿಮ್ಮ ಲಿನಕ್ಸ್ ಡೆಬಿಯನ್, ಉಬುಂಟು ಆದರೆ 'ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು' ಕೊಟ್ಟೇ ರೀಬೂಟ್ ಮಾಡಿ.

ಬಂದ ಮೇಲೆ '/ಪ್ರಾಕ್/ಮೌಂಟ್ಸ್' ನೋಡಿ. ರೂಟ್ ಸಾಲಿನಲ್ಲಿ ಎಕ್ಸ್ಟ್3 ಇದ್ದರೆ ಆಯಿತು. ಕರೆಂಟ್ ಹೋದ ಕ್ಷಣದಲ್ಲಿ ಸೇವ್ ಆಗದೆ ಉಳಿದದ್ದನ್ನು ಜರ್ನಲ್ ಉಳಿಸುವುದಿಲ್ಲ, ಯುಪಿಎಸ್ ತೆಗೆಯಬೇಡಿ.