ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾರಿಲ್ಲದೆ ಮಹಾನಗರ ಸುತ್ತುವುದು

ಪ್ರಶ್ನೆ: ರಜೆಯಲ್ಲಿ ನಾಲ್ಕು ದಿನ ಒಂದು ದೊಡ್ಡ ನಗರ ನೋಡಲು ಹೊರಟಿದ್ದೇವೆ. ಪರಿಸರಕ್ಕೆ ಹೊರೆಯಾಗದಂತೆ ಓಡಾಡಬೇಕೆಂಬ ಆಸೆ. ಸಿದ್ಧತೆ ಎಲ್ಲಿಂದ ಶುರು ಮಾಡೋಣ?

ಉತ್ತರ: ಉಳಿದುಕೊಳ್ಳುವ ಜಾಗದಿಂದ. ಬಟ್ಟೆಯ ಚೀಲ, ಬಿದಿರಿನ ಬ್ರಷ್ ಎಲ್ಲ ಆಮೇಲಿನ ಮಾತು. ಕೋಣೆ ಮೆಟ್ರೊ ಅಥವಾ ಬಸ್ ನಿಲ್ದಾಣದಿಂದ 500–600 ಮೀಟರ್ ಒಳಗಿದ್ದರೆ ಏಳೆಂಟು ನಿಮಿಷ ನಡೆದರಾಯಿತು. ಎರಡು ಕಿಲೋಮೀಟರ್ ಆಚೆ ಇದ್ದರೆ, ದಿನವಿಡೀ ಸುತ್ತಿ ದಣಿದವರು ರಾತ್ರಿ ಟ್ಯಾಕ್ಸಿ ಹತ್ತದೆ ಇರುವುದಿಲ್ಲ. ದೂರ ಅಳೆಯುವಾಗ ನಕ್ಷೆಯ ನೇರ ಗೆರೆಯನ್ನು ನಂಬಬೇಡಿ. ನಡುವೆ ರೈಲುಹಳಿಯೋ ಹೆದ್ದಾರಿಯೋ ಇದ್ದರೆ 400 ಮೀಟರ್ ಎಂದು ಕಂಡದ್ದು ಒಂದೂವರೆ ಕಿಲೋಮೀಟರ್ ಆಗಿಬಿಡುತ್ತದೆ. ಆ್ಯಪ್‌ನಲ್ಲಿ ‘ನಡಿಗೆ’ ಆಯ್ಕೆ ಒತ್ತಿ ದಾರಿ ನೋಡಿ. ಆ ನಿಲ್ದಾಣದಿಂದ ಕೊನೆಯ ಗಾಡಿ ಎಷ್ಟು ಹೊತ್ತಿಗೆಂದೂ ಗುರುತು ಹಾಕಿಕೊಳ್ಳಿ.

ಆಮೇಲೆ ನೋಡಬೇಕಾದ ಜಾಗಗಳನ್ನೆಲ್ಲ ಒಂದೇ ನಕ್ಷೆಯ ಮೇಲೆ ಗುರುತಿಸಿ. ಒಂದಕ್ಕೊಂದು ಒಂದೂವರೆ ಕಿಲೋಮೀಟರ್ ಒಳಗಿರುವವು ಒಂದು ಗುಂಪು. ಒಂದು ಗುಂಪಿಗೆ ಅರ್ಧ ದಿನ. ಒಂದು ನಿಲ್ದಾಣದಲ್ಲಿ ಇಳಿದು, ನಡೆಯುತ್ತ ನೋಡಿ, ಇನ್ನೊಂದು ತುದಿಯ ನಿಲ್ದಾಣದಲ್ಲಿ ಹತ್ತಿ. ಇಳಿದಲ್ಲಿಗೇ ವಾಪಸು ಬರುವುದು ಸುಮ್ಮನೆ ಕಾಲಿಗೆ ದಂಡ. ನೋಡುತ್ತ ನಿಲ್ಲುತ್ತ ಹೋಗುವವರ ವೇಗ ಗಂಟೆಗೆ 3 ಕಿಲೋಮೀಟರ್ ದಾಟುವುದಿಲ್ಲ, ಆ ಲೆಕ್ಕದಲ್ಲೇ ಸಮಯ ಇಡಿ. ಹೆಚ್ಚಿನವರು ತಪ್ಪುವುದು ವಾರದ ರಜೆಯ ವಿಷಯದಲ್ಲಿ. ಬಹಳಷ್ಟು ನಗರಗಳಲ್ಲಿ ವಸ್ತುಸಂಗ್ರಹಾಲಯಗಳಿಗೆ ಸೋಮವಾರ ರಜೆ. ಪ್ಯಾರಿಸ್ಸಿನ ಲೂವ್ರ್‌ಗೆ ಮಂಗಳವಾರ. ಮುಚ್ಚಿದ ಬಾಗಿಲು ನೋಡಿ ಮರಳಿದರೆ ಅದೇ ಪ್ರಯಾಣ ಎರಡು ಸಲ ಆಗುತ್ತದೆ.

ಪ್ರಶ್ನೆ: ದಿನದ ಪಾಸ್ ತೆಗೆದುಕೊಳ್ಳುವುದು ಲಾಭವೇ?

ಉತ್ತರ: ಪಾಸಿನ ಬೆಲೆಯನ್ನು ಒಂದು ಟಿಕೆಟ್ಟಿನ ಬೆಲೆಯಿಂದ ಭಾಗಿಸಿ. ಉತ್ತರ ಮೂರೂವರೆ ಬಂದರೆ, ದಿನಕ್ಕೆ ನಾಲ್ಕು ಸಲ ಹತ್ತಿದಾಗ ಪಾಸ್ ಗಿಟ್ಟುತ್ತದೆ. ಮೇಲೆ ಹೇಳಿದಂತೆ ಗುಂಪು ಮಾಡಿ ನಡೆಯುವವರಿಗೆ ಮೂರು ಸಲ ಹತ್ತಿದರೆ ಸಾಕಾಗುವುದೂ ಉಂಟು. ಆಗ ಬಿಡಿ ಟಿಕೆಟ್ಟೇ ಒಳ್ಳೆಯದು. ಇನ್ನೊಂದು ವಿಷಯ ನೋಡಿಕೊಳ್ಳಿ. ಕೆಲವು ಪಾಸುಗಳು ಮೊದಲ ಬಳಕೆಯಿಂದ 24 ಗಂಟೆ ನಡೆಯುತ್ತವೆ, ಕೆಲವು ಆ ದಿನದ ಮಧ್ಯರಾತ್ರಿಗೇ ಮುಗಿಯುತ್ತವೆ. ಎರಡನೆಯ ಬಗೆಯದನ್ನು ಸಂಜೆ ನಾಲ್ಕಕ್ಕೆ ಕೊಂಡರೆ ನಷ್ಟ. ವಿಮಾನ ನಿಲ್ದಾಣ ಪಾಸಿನ ವಲಯದ ಹೊರಗಿರುವುದು ಸಾಮಾನ್ಯ. ಯುರೋಪಿನ ಹಲವು ನಗರಗಳಲ್ಲಿ ಕಾಗದದ ಟಿಕೆಟ್ಟನ್ನು ಹತ್ತುವ ಮೊದಲೋ ಹತ್ತಿದ ಕೂಡಲೋ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಒತ್ತಿಸದಿದ್ದರೆ ಟಿಕೆಟ್ ಕೈಯಲ್ಲಿದ್ದರೂ ದಂಡ. ಲಕ್ಸೆಂಬರ್ಗ್‌ನಲ್ಲಿ ಈ ಯಾವ ತಲೆನೋವೂ ಇಲ್ಲ: 2020ರ ಫೆಬ್ರವರಿ 29ರಿಂದ ದೇಶವಿಡೀ ಬಸ್, ಟ್ರಾಮ್, ರೈಲಿನ ಎರಡನೇ ದರ್ಜೆ ಎಲ್ಲರಿಗೂ ಉಚಿತ.

ಪ್ರಶ್ನೆ: ಬಾಡಿಗೆ ಸೈಕಲ್ಲಿನಲ್ಲಿ ಸುತ್ತುವ ಮನಸ್ಸಿದೆ. ಆದರೆ ಸೈಕಲ್ ಮುಟ್ಟಿ ವರ್ಷಗಳಾದವು. ಏನೇನು ನೋಡಿಕೊಳ್ಳಬೇಕು?

ಉತ್ತರ: ಖಂಡಿತ ತೆಗೆದುಕೊಳ್ಳಿ. ನಗರದ ಅಳತೆಗೆ ಸೈಕಲ್ಲಿಗಿಂತ ಹೊಂದುವ ವಾಹನ ಇಲ್ಲ. ಸಾವಕಾಶವಾಗಿ ತುಳಿದರೂ ಗಂಟೆಗೆ 12–15 ಕಿಲೋಮೀಟರ್ ಸಾಗುತ್ತದೆ, ಬೇಕೆಂದಲ್ಲಿ ನಿಲ್ಲಿಸಬಹುದು.

ಲಾಕ್ ಬಿಡಿಸುವ ಮೊದಲು ಒಂದು ನಿಮಿಷ ಪರೀಕ್ಷೆಗೆ ಕೊಡಿ, ಏಕೆಂದರೆ ಬಿಡಿಸಿದ ಕ್ಷಣದಿಂದ ಮೀಟರ್ ಓಡುತ್ತದೆ. ಟೈರನ್ನು ಹೆಬ್ಬೆರಳಿನಿಂದ ಬಲವಾಗಿ ಅದುಮಿ. ಸುಲಭವಾಗಿ ತಗ್ಗಿದರೆ ಆ ಸೈಕಲ್ ಬೇಡ. ಗಾಳಿ ಕಡಿಮೆ ಇದ್ದರೆ ತುಳಿತ ಭಾರ, ಹೊಂಡಕ್ಕೆ ಬಿದ್ದಾಗ ರಿಮ್ಮಿಗೂ ನೆಲಕ್ಕೂ ನಡುವೆ ಟ್ಯೂಬ್ ಸಿಕ್ಕಿ ಎರಡು ಕಡೆ ತೂತಾಗುತ್ತದೆ. ಬ್ರೇಕ್ ಹಿಡಿಯನ್ನು ಪೂರ್ತಿ ಎಳೆಯಿರಿ: ಅದು ಹ್ಯಾಂಡಲ್ಲಿಗೆ ತಾಗಿದರೆ ಕೇಬಲ್ ಸಡಿಲ, ಬೇರೆ ಸೈಕಲ್ ಆರಿಸಿ. ಮುಂದಿನ ಚಕ್ರವನ್ನು ಎರಡು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲ್ ತಿರುಗಿಸಿ ನೋಡಿ, ಜಾರಬಾರದು.

ಇನ್ನು ಸೀಟಿನ ಎತ್ತರ. ಎಲ್ಲಕ್ಕಿಂತ ಮುಖ್ಯವಾದ, ಎಲ್ಲರೂ ಮರೆಯುವ ಕೆಲಸ ಇದು. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲಿನ ಮೇಲಿಡಿ. ಪೆಡಲ್ ಅತ್ಯಂತ ಕೆಳಗಿರುವಾಗ ಕಾಲು ನೆಟ್ಟಗಾಗಬೇಕು. ತುಳಿಯುವಾಗ ಪಾದದ ಮುಂಭಾಗ ಇಡುತ್ತೀರಲ್ಲ, ಆಗ ಮೊಣಕಾಲು ತಾನಾಗಿ ಸ್ವಲ್ಪ ಬಾಗುತ್ತದೆ, ಅಷ್ಟು ಬಾಗು ಸಾಕು. ಸೀಟು ತಗ್ಗಾಗಿದ್ದರೆ ಒಂದೆರಡು ಗಂಟೆಯಲ್ಲೇ ಮೊಣಕಾಲ ಚಿಪ್ಪಿನ ಮುಂದೆ ನೋವು ಶುರುವಾಗುತ್ತದೆ. ಬಹಳ ಜನ ಸೈಕಲ್ ತಮಗೆ ಆಗಿಬರುವುದಿಲ್ಲ ಎಂದುಕೊಳ್ಳುವುದು ಇದರಿಂದಲೇ. ಸೀಟಿನ ಕಂಬದ ಮೇಲಿನ ಗರಿಷ್ಠ ಗೆರೆ ಕಾಣುವಷ್ಟು ಮಾತ್ರ ಎತ್ತಬೇಡಿ.

ಹಿಂದಿರುಗಿಸುವಾಗ ಲಾಕ್ ‘ಕ್ಲಿಕ್’ ಎಂದು ಕೂತಿತೇ, ಆ್ಯಪ್‌ನಲ್ಲಿ ಸವಾರಿ ಮುಗಿದದ್ದು ಕಂಡಿತೇ ಎಂದು ಖಚಿತಪಡಿಸಿಕೊಂಡು ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಲಾಕ್ ಅರ್ಧ ಕೂತಿದ್ದರೆ ಬಾಡಿಗೆ ಏರುತ್ತಲೇ ಇರುತ್ತದೆ. ಅಭ್ಯಾಸ ತಪ್ಪಿದವರು ಭಾನುವಾರ ಬೆಳಿಗ್ಗೆ ಮೊದಲು ಹತ್ತಿ. ಕೊಲಂಬಿಯಾದ ಬೊಗೊಟಾದಲ್ಲಿ 1974ರಲ್ಲಿ ಶುರುವಾದ ವ್ಯವಸ್ಥೆಯೊಂದಿದೆ: ಭಾನುವಾರ ಮತ್ತು ಸಾರ್ವಜನಿಕ ರಜೆಗಳಂದು ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ 100 ಕಿಲೋಮೀಟರಿಗೂ ಹೆಚ್ಚು ರಸ್ತೆ ಕಾರುಗಳಿಗೆ ಬಂದ್. ಜಗತ್ತಿನ ಬೇರೆ ಹಲವು ನಗರಗಳೂ ಇದನ್ನು ಅನುಸರಿಸಿವೆ. ನೀವು ಹೋಗುವ ಊರಲ್ಲಿ ಅಂಥ ದಿನವಿದ್ದರೆ ಪ್ರಯಾಣದ ತಾರೀಖನ್ನೇ ಅದಕ್ಕೆ ಹೊಂದಿಸಿಕೊಳ್ಳಿ.

ಪ್ರಶ್ನೆ: ವಿದ್ಯುತ್ ಸ್ಕೂಟರ್ ಬಾಡಿಗೆಗೆ ಸಿಗುತ್ತದೆ, ಹೊಗೆಯೂ ಇಲ್ಲ. ಅದನ್ನೇ ತೆಗೆದುಕೊಂಡರೆ?

ಉತ್ತರ: ನಿಂತು ಓಡಿಸುವ ಬಾಡಿಗೆ ಸ್ಕೂಟರ್ ಓಡುವಾಗ ಹೊಗೆಯಿಲ್ಲ ನಿಜ. ಅದರ ಹೊರೆಯಲ್ಲಿ ಹೆಚ್ಚಿನ ಪಾಲು ತಯಾರಿಕೆಯಲ್ಲಿ ಮತ್ತು ಚಾರ್ಜಿಗಾಗಿ ವ್ಯಾನುಗಳಲ್ಲಿ ಊರೆಲ್ಲ ಹೆಕ್ಕಿ ಹೊತ್ತೊಯ್ಯುವುದರಲ್ಲಿದೆ. ಟ್ಯಾಕ್ಸಿಯ ಬದಲು ಹತ್ತಿದರೆ ಲಾಭ. ನಡೆಯಬಹುದಾದ ಒಂದು ಕಿಲೋಮೀಟರಿಗೆ ಹತ್ತಿದರೆ ನಷ್ಟವೇ. ಪ್ಯಾರಿಸ್ 2023ರ ಏಪ್ರಿಲ್‌ನಲ್ಲಿ ಜನಮತ ಕೇಳಿ, ಆ ಸೆಪ್ಟೆಂಬರಿನಿಂದ ಬಾಡಿಗೆ ಸ್ಕೂಟರುಗಳನ್ನು ಬೀದಿಯಿಂದ ತೆಗೆದೇ ಹಾಕಿತು.

ಪ್ರಶ್ನೆ: ‘ಹಸಿರು ಹೋಟೆಲ್’ ಎಂಬ ಫಲಕ ಎಲ್ಲೆಲ್ಲೂ ಇದೆ. ನಿಜ ಯಾವುದು, ಬೂಟಾಟಿಕೆ ಯಾವುದು?

ಉತ್ತರ: ಪ್ರಮಾಣಪತ್ರ ಕೊಟ್ಟವರು ಯಾರೆಂದು ಕೇಳಿ. 1994ರಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿದ ‘ಗ್ರೀನ್ ಕೀ’ಯಂಥವರು ಸ್ಥಳಕ್ಕೆ ಬಂದು ತಪಾಸಣೆ ಮಾಡುತ್ತಾರೆ. ಹೋಟೆಲ್ ತಾನೇ ಬಿಡಿಸಿಕೊಂಡ ಎಲೆಯ ಚಿತ್ರಕ್ಕೆ ಕಿಮ್ಮತ್ತಿಲ್ಲ. ಮುಂಗಡ ಕಾಯ್ದಿರಿಸುವ ಮೊದಲು ಮೂರು ಪ್ರಶ್ನೆ ಬರೆದು ಕಳಿಸಿ: ಬಾಟಲಿಗೆ ನೀರು ತುಂಬಿಸಿಕೊಳ್ಳುವ ವ್ಯವಸ್ಥೆ ಇದೆಯೇ, ಸೋಪು-ಶಾಂಪೂ ದೊಡ್ಡ ಡಬ್ಬಿಯಲ್ಲಿ ಇಡುತ್ತೀರೋ ಪುಟ್ಟ ಸೀಸೆಗಳಲ್ಲೋ, ಕಸವನ್ನು ಎಷ್ಟು ಬಗೆಯಾಗಿ ಬೇರ್ಪಡಿಸುತ್ತೀರಿ? ಉತ್ತರದಲ್ಲಿ ವಿವರ ಇದ್ದರೆ ನಂಬಬಹುದು. ಟವೆಲ್ ದಿನಾ ಬದಲಿಸಬೇಡಿ ಎಂಬ ಚೀಟಿ ಮಾತ್ರ ಇದ್ದರೆ ಅದು ಲಾಂಡ್ರಿ ಖರ್ಚಿನ ಉಳಿತಾಯ, ಅಷ್ಟೇ.

ಪ್ರಶ್ನೆ: ನಲ್ಲಿ ನೀರು ನಂಬಲಾಗದ ಊರಲ್ಲಿ ಪ್ಲಾಸ್ಟಿಕ್ ಬಾಟಲಿ ಕೊಳ್ಳದೆ ಹೇಗೆ ಇರುವುದು?

ಉತ್ತರ: ಒಬ್ಬರಿಗೆ ಒಂದು ಲೀಟರಿನ ಸ್ಟೀಲ್ ಬಾಟಲಿ ಇರಲಿ. ಕೋಣೆಯಲ್ಲಿ ವಿದ್ಯುತ್ ಕೆಟಲ್ ಇದ್ದರೆ ಅದೇ ಸಾಕು. ನೀರು ಕೊತಕೊತ ಕುದಿ ಬಂದಮೇಲೆ ಒಂದು ನಿಮಿಷ ಕುದಿಯಬೇಕು. 2,000 ಮೀಟರಿಗಿಂತ ಎತ್ತರದ ಊರಾದರೆ ಮೂರು ನಿಮಿಷ, ಏಕೆಂದರೆ ಅಲ್ಲಿ ನೀರು ಕಡಿಮೆ ಉಷ್ಣಾಂಶದಲ್ಲೇ ಕುದಿಯುತ್ತದೆ. ತಾನಾಗಿ ಆರುವ ಕೆಟಲ್ ಆದರೆ ಮತ್ತೊಮ್ಮೆ ಗುಂಡಿ ಒತ್ತಿ. ರಾತ್ರಿಯೇ ಕುದಿಸಿ ಮುಚ್ಚಿಟ್ಟರೆ ಬೆಳಿಗ್ಗೆಗೆ ಆರಿರುತ್ತದೆ. ಹೀರುವ ಫಿಲ್ಟರ್ ಬಾಟಲಿ ಕೊಳ್ಳುವವರು ಒಂದು ಮಿತಿ ತಿಳಿದಿರಲಿ: 0.1–0.2 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ತೂತಿನ ಜಾಲರಿ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ, ವೈರಸ್ಸನ್ನಲ್ಲ. ಕುದಿಸಿದ ನೀರಿಗೆ ಈ ತಾಪತ್ರಯವಿಲ್ಲ. ಸೀಸ, ರಾಸಾಯನಿಕಗಳ ಕಲಬೆರಕೆ ಇರುವ ನೀರನ್ನು ಮಾತ್ರ ಕುದಿಸಿದರೂ ಪ್ರಯೋಜನವಿಲ್ಲ. ಅಂಥ ಕಡೆ ದೊಡ್ಡ ಕ್ಯಾನಿನ ಶುದ್ಧ ನೀರನ್ನು ಬಾಟಲಿಗೆ ತುಂಬಿಸಿಕೊಳ್ಳಿ.