ಬೇಲಿ ಪಕ್ಕ ತಾನಾಗಿ ಹುಟ್ಟಿದ ಮರ, ಕಪ್ಪು ಹಣ್ಣು: ಇದು ನೇರಳೆಯಾ?

ನೀವು ಹೇಳಿರುವ ಗುರುತೆಲ್ಲ ನೋಡಿದರೆ ಇದು ನೇರಳೆ ಅಲ್ಲ, ಶ್ರೀಗಂಧ. ಕೋಲಾರದ ಕಡೆ ನೀರಿಲ್ಲದ ತೋಟ, ಯಾರೂ ನೆಡದೆ ಬೇಲಿ ಸಾಲಲ್ಲಿ ಬಂದ ಮರ, ಎದುರುಬದುರು ಜೋಡಿ ಎಲೆ, ಬಟಾಣಿಗಿಂತ ಸ್ವಲ್ಪ ದೊಡ್ಡದಾದ ಗುಂಡು ಹಣ್ಣು, ಮೊದಲು ಕೆಂಪು ಆಮೇಲೆ ಕಪ್ಪು. ನೇರಳೆಗೂ ಜೋಡಿ ಎಲೆಯೇ, ಅದಕ್ಕೇ ಗೊಂದಲ. ಆದರೆ ನೇರಳೆ ಎಲೆ ದಪ್ಪ, ಕಿವುಚಿದರೆ ಘಾಟು ಬರುತ್ತದೆ. ಗಂಧದ ಎಲೆ ತೆಳು, ಅಡಿಭಾಗ ಮಂಕು, ಕೊಂಬೆಗಳ ತುದಿ ಇಳಿಬಿದ್ದಿರುತ್ತದೆ.

ಇನ್ನೂ ಅನುಮಾನ ಇದ್ದರೆ ಹಣ್ಣಿನ ತಲೆ ನೋಡಿ. ಹೂ ಉದುರಿದ ಜಾಗದಲ್ಲಿ ಸಣ್ಣ ಬಳೆಯಂಥ ಗುರುತು ಇರುತ್ತದೆ. ಒಳಗೆ ಒಂದೇ ಗಟ್ಟಿ ಬೀಜ. ಹೂವಿಗೆ ನಾಲ್ಕು ಎಸಳು, ಅರಳಿದಾಗ ತಿಳಿ ಹಳದಿ, ದಿನ ಕಳೆದಂತೆ ಕಡುಗೆಂಪು.

ಕಡ್ಡಿ ಮುರಿದರೆ ಪರಿಮಳ ಇಲ್ಲ ಅಂದಿರಲ್ಲ, ಇರುವುದೂ ಇಲ್ಲ! ವಾಸನೆ ಇರೋದು ಒಳಗಿನ ಚೇಗಿನಲ್ಲಿ (ಕಾಂಡದ ನಡುವಿನ ಗಟ್ಟಿ ತಿರುಳು) ಮತ್ತು ಬೇರಲ್ಲಿ, ಚೇಗು ಕಟ್ಟೋಕೆ ಹತ್ತಾರು ವರ್ಷ ಬೇಕು. ಸುಮ್ನೆ ಚಾಕು ಹಾಕಿ ಗಾಯ ಮಾಡಬೇಡಿ.

ನೆಟ್ಟವರು ಯಾರು ಅಂತ ಕೇಳಿದ್ದೀರಿ. ಕೋಗಿಲೆ, ಪಿಕಳಾರ ಹಣ್ಣು ತಿಂದು ಬೇಲಿ ಮೇಲೆ ಕೂತು ಬೀಜ ಉದುರಿಸುತ್ತವೆ, ಅಷ್ಟೇ. ಬೇಲಿಯಲ್ಲಿ ಹುಟ್ಟಿದ್ದು ಮರಕ್ಕೂ ಅನುಕೂಲ, ಯಾಕಂದರೆ ಗಂಧ ಅರ್ಧ ಪರಾವಲಂಬಿ. ಎಲೆಯಲ್ಲಿ ತಾನೇ ಅಡುಗೆ ಮಾಡಿಕೊಂಡರೂ ಬೇರನ್ನು ಪಕ್ಕದ ಗಿಡದ ಬೇರಿಗೆ ಅಂಟಿಸಿ ನೀರು, ಸತ್ವ ಹೀರುತ್ತದೆ. ಇದು ಗೊತ್ತಿಲ್ಲದೆ ನಾನೇ ಒಮ್ಮೆ ಚೊಕ್ಕ ಮಾಡ್ತೀನಿ ಅಂತ ಸುತ್ತಲಿನ ತಂಗಡಿ, ಹೊಂಗೆ ಸಸಿಗಳನ್ನೆಲ್ಲ ಕಿತ್ತುಹಾಕಿದೆ, ಎದೆಯೆತ್ತರದ ಗಂಧದ ಗಿಡ ಆ ಬೇಸಿಗೆಯಲ್ಲೇ ಹಳದಿಯಾಗಿ ಒಣಗಿಹೋಯಿತು, ಎಷ್ಟು ನೀರು ಹೊತ್ತರೂ ಚೇತರಿಸಿಕೊಳ್ಳಲಿಲ್ಲ. ನೀವು ಹಾಗೆ ಮಾಡಬೇಡಿ. ಪಕ್ಕದಲ್ಲಿ ಎರಡು ತೊಗರಿ ಬೀಜ ಹಾಕಿದರೂ ಸಾಕು, ಅದಕ್ಕೆ ಜೊತೆ ಸಿಗುತ್ತದೆ.

ಸರ್ಕಾರದವರು ಕೇಳ್ತಾರಾ ಅನ್ನೋ ಭಯ ಬೇಡ. ಹಿಂದೆ ನಮ್ಮ ಜಮೀನಿನಲ್ಲಿದ್ದರೂ ಗಂಧದ ಮರ ಸರ್ಕಾರದ್ದೇ ಆಗಿತ್ತು, ಅದಕ್ಕೇ ಹಳಬರು ಸಸಿ ಕಂಡರೆ ಮೆಲ್ಲಗೆ ಕಿತ್ತುಬಿಡುತ್ತಿದ್ದರು. 2001ರಲ್ಲಿ ಕರ್ನಾಟಕದ ಅರಣ್ಯ ಕಾಯ್ದೆ ತಿದ್ದಿದ ಮೇಲೆ ಮರ ಜಮೀನಿನವರದ್ದೇ. ಕಡಿಯೋಕೆ ಮಾತ್ರ ಅರಣ್ಯ ಇಲಾಖೆಯ ಅನುಮತಿ ಬೇಕು. ಪಹಣಿಯಲ್ಲಿ ಮರದ ಲೆಕ್ಕ ಬರೆಸಿಡಿ. ಮತ್ತೆ, ಗಂಧದ ಮರ ಇದೆ ಅಂತ ಊರೆಲ್ಲ ಹೇಳ್ಕೊಂಡು ತಿರುಗಬೇಡಿ. ಚೇಗು ಕಟ್ಟಿದೆಯಾ ಅಂತ ಕಾದು ನೋಡುವ ತಾಳ್ಮೆ ಕಳ್ಳರಿಗೆ ನಮಗಿಂತ ಜಾಸ್ತಿ.